ಯಾರ ಪರವೂ ಅಲ್ಲವಂತೆ!

ಇಂದಿರಾನಗರದ ನೂರಡಿ ರಸ್ತೆಯಲ್ಲಿ ಈ ವಾರ ಬ್ಲಾಕ್‌ಚೈನ್ ಹುಡುಗರ ಕೂಟ. ಕರೆದರು, ಹೋದೆ. "ಸರ್, ನಮ್ಮ ನೆಟ್‌ವರ್ಕಿಗೆ ರಾಜಕೀಯವೇ ಇಲ್ಲ. ಯಾರ ಮಾತೂ ಕೇಳಲ್ಲ, ಯಾರ ಪರವೂ ಅಲ್ಲ" ಎಂದ ಒಬ್ಬ. ಅಲ್ಲಿನ ದುಬಾರಿ ಕಾಫಿ ಮೊದಲೇ ಕಹಿ. ಈ ಮಾತು ಇನ್ನೂ ಕಹಿ.

ಯಾರ ಮಾತೂ ಕೇಳುವುದಿಲ್ಲವೇ? 2016ರ ಜೂನ್‌ನಲ್ಲಿ ಇಥೀರಿಯಂ ಎಂಬ ಬ್ಲಾಕ್‌ಚೈನಿನ 'ದಿ ಡಿಎಒ' ನಿಧಿಯಿಂದ ಸುಮಾರು 36 ಲಕ್ಷ ಈಥರ್ ನಾಣ್ಯ ಕಳುವಾಯಿತು. ಕಳ್ಳ ಬೀಗ ಒಡೆಯಲಿಲ್ಲ, ಕೋಡ್‌ನಲ್ಲೇ ಇದ್ದ ಸಂದಿಯಲ್ಲಿ ನುಗ್ಗಿದ. ಬರೆದದ್ದನ್ನು ಅಳಿಸಲಾಗದು ಎಂದು ಜಪಿಸುತ್ತಿದ್ದವರೇ ಜುಲೈ 20ರಂದು ಲೆಕ್ಕ ತಿದ್ದಿ ದುಡ್ಡು ವಾಪಸ್ ಕೊಡಿಸಿದರು. ಒಪ್ಪದವರು 'ಇಥೀರಿಯಂ ಕ್ಲಾಸಿಕ್' ಎಂದು ಬೇರೆ ಮನೆ ಮಾಡಿದರು. 2022ರ ಆಗಸ್ಟ್‌ನಲ್ಲಿ ಕ್ರಿಪ್ಟೊ ಹಣದ ಜಾಡು ಮರೆಮಾಚುವ ಟೊರ್ನಾಡೊ ಕ್ಯಾಶ್ ಸೇವೆಯ ಮೇಲೆ ಅಮೆರಿಕ ನಿರ್ಬಂಧ ಹೇರಿತು. ವರ್ಷ ಮುಗಿಯುವುದರೊಳಗೆ ಇಥೀರಿಯಂನ ಅರ್ಧಕ್ಕಿಂತ ಹೆಚ್ಚು ಬ್ಲಾಕ್‌ಗಳು ವಾಷಿಂಗ್ಟನ್ನಿನ ನಿರ್ಬಂಧ ಪಟ್ಟಿ ನೋಡಿಕೊಂಡೇ ತಯಾರಾಗುತ್ತಿದ್ದವು.

ಶಿವಾಜಿನಗರದ ನಮ್ಮ ದರ್ಜಿ ಭಾಯ್ ತಮ್ಮನಿಗೆಂದು ಕ್ರಿಪ್ಟೊ ಕಳಿಸಿದರು. ವಿಳಾಸವನ್ನು ಹಳೆಯ ವ್ಯವಹಾರಗಳ ಪಟ್ಟಿಯಿಂದ ಕಾಪಿ ಮಾಡಿದ್ದರು. ಅಲ್ಲಿ ಕಳ್ಳ ತೂರಿಸಿದ್ದ ವಿಳಾಸದ ಮೊದಲ ನಾಲ್ಕು, ಕೊನೆಯ ನಾಲ್ಕು ಅಕ್ಷರ ತಾಳೆಯಾಗಿದ್ದವು, ನಡುವಿನವು ಕಳ್ಳನವು. ಸಹಾಯವಾಣಿಯವರು ಹೇಳಿದ್ದು: "ಏನೂ ಮಾಡೋಕಾಗಲ್ಲ, ನೆಟ್‌ವರ್ಕ್ ಯಾರ ಕೈಯಲ್ಲೂ ಇಲ್ಲ." ಭಾಯ್‌ಗಾಗಿ ಲೆಕ್ಕ ತಿದ್ದುವವರು ಯಾರೂ ಹುಟ್ಟಿಲ್ಲ.

ಇದಕ್ಕೇ ನಾನು ಚೀಟಿಯ ಪರ. ಹಲಸೂರಿನಲ್ಲಿ ಚೀಟಿ ನಡೆಸುವ ಅಕ್ಕ ಪಕ್ಷಪಾತಿ ಎಂದು ಎಲ್ಲರಿಗೂ ಗೊತ್ತು. ನಾದಿನಿಗೆ ದುಡ್ಡು ಬೇಕಿದ್ದ ತಿಂಗಳು ಹರಾಜಿನ ಕೂಗು ಬೇಗ ನಿಲ್ಲುತ್ತದೆ. ಆದರೆ ಅವಳ ಬಾಗಿಲಲ್ಲಿ ನಿಂತು ಬೀದಿಗೆಲ್ಲ ಕೇಳುವಂತೆ ಜಗಳ ತೆಗೆಯಬಹುದು. ಮಾನಕ್ಕಂಜಿ ಅರ್ಧವಾದರೂ ಕೊಡುತ್ತಾಳೆ. ಬ್ಲಾಕ್‌ಚೈನಿಗೆ ಬಾಗಿಲೆಲ್ಲಿ?

ಪೊಲೀಸರಿಗೆ ಮಾತ್ರ ಬಾಗಿಲು ಸಿಕ್ಕಿತು. 2018ರ ಅಕ್ಟೋಬರ್‌ನಲ್ಲಿ ಹಳೇ ಏರ್‌ಪೋರ್ಟ್ ರಸ್ತೆಯ ಕೆಂಪ್ ಫೋರ್ಟ್ ಮಾಲ್‌ನಲ್ಲಿ ಯುನೊಕಾಯಿನ್ ಕಂಪನಿ ಇಟ್ಟಿದ್ದ ಕ್ರಿಪ್ಟೊ ಎಟಿಎಂ ಯಂತ್ರವನ್ನು ಹೊತ್ತೊಯ್ದರು, ಸ್ಥಾಪಕರನ್ನು ಬಂಧಿಸಿದರು. ಕ್ರಿಪ್ಟೊದವರಿಗೆ ಬ್ಯಾಂಕ್ ಸೇವೆ ಕೊಡಕೂಡದೆಂಬ ರಿಸರ್ವ್ ಬ್ಯಾಂಕ್ ಸುತ್ತೋಲೆಯನ್ನು 2020ರ ಮಾರ್ಚ್‌ನಲ್ಲಿ ರದ್ದು ಮಾಡಿದ್ದು ಕೋಡ್ ಅಲ್ಲ, ಸುಪ್ರೀಂ ಕೋರ್ಟ್. ಇನ್ನು ನಮ್ಮ ಕರ್ನಾಟಕದ ಬಿಟ್‌ಕಾಯಿನ್ ಹಗರಣ: 2021ರಲ್ಲಿ ವಿರೋಧ ಪಕ್ಷದ ಅಸ್ತ್ರ, 2023ರಲ್ಲಿ ಆಡಳಿತ ಪಕ್ಷದ ಎಸ್‌ಐಟಿ.

ರಾಜಕೀಯವೇ ಬೇಡವೆನ್ನುವ ಈ ಉದ್ಯಮ ಬಜೆಟ್ ಹತ್ತಿರ ಬಂತೆಂದರೆ ದೆಹಲಿಯಲ್ಲಿ ಅರ್ಜಿ ಹಿಡಿದು ನಿಲ್ಲುತ್ತದೆ: ಶೇ 30 ತೆರಿಗೆ ಇಳಿಸಿ, ಶೇ 1 ಟಿಡಿಎಸ್ ತಗ್ಗಿಸಿ. ಯಾಕೆ, ಕೋಡ್‌ಗೇ ಹೇಳಿದ್ದರೆ ಆಗುತ್ತಿರಲಿಲ್ಲವೇ?