ಪಂಕ್ಚರ್ ಅಂಗಡಿಯ ಘನತೆ ಮತ್ತು ಹೊಣೆ

2019ರ ಡಿಸೆಂಬರ್‌ನಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆಯ ಪರವಾಗಿ ಬೆಂಗಳೂರಿನಲ್ಲಿ ನಡೆದ ಸಭೆಯಲ್ಲಿ ಸಂಸದ ತೇಜಸ್ವಿ ಸೂರ್ಯ ಅವರು ಕಾಯ್ದೆಯ ವಿರೋಧಿಗಳನ್ನು ಅನಕ್ಷರಸ್ಥರು, ಪಂಕ್ಚರ್ ಹಾಕುವವರು ಎಂದು ಹೀಗಳೆದಿದ್ದರು. 2025ರ ಎಪ್ರಿಲ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿಯವರು ಹರ್ಯಾಣದ ಹಿಸಾರ್‌ನಲ್ಲಿ ಮಾತನಾಡುತ್ತಾ, ವಕ್ಫ್ ಆಸ್ತಿ ಪ್ರಾಮಾಣಿಕವಾಗಿ ಬಳಕೆಯಾಗಿರುತ್ತಿದ್ದರೆ ಮುಸ್ಲಿಮ್ ಯುವಕರು ಸೈಕಲ್ ಪಂಕ್ಚರ್ ಹಾಕಿ ಬದುಕಬೇಕಾಗುತ್ತಿರಲಿಲ್ಲ ಎಂದರು. ಮೊದಲನೆಯದರಲ್ಲಿ ಅಪಹಾಸ್ಯವಿದೆ, ಎರಡನೆಯದರಲ್ಲಿ ಅನುಕಂಪದ ಧ್ವನಿಯಿದೆ. ಆದರೆ ಎರಡರ ತಳದಲ್ಲಿರುವ ಭಾವನೆ ಒಂದೇ: ಕೆಟ್ಟುಹೋದದ್ದನ್ನು ಸರಿಪಡಿಸಿ ಅನ್ನ ಸಂಪಾದಿಸುವುದು ಕೀಳು ಕಸುಬು.

ನಮ್ಮ ಯುವಕರಿಗೆ ಶಿಕ್ಷಣ ಬೇಕು, ಸರಕಾರಿ ಉದ್ಯೋಗದಲ್ಲಿ ನ್ಯಾಯವಾದ ಪಾಲು ಬೇಕು. ಸಮುದಾಯದ ದೊಡ್ಡ ಭಾಗ ವೇತನದ ಕೆಲಸ ಸಿಗದೆ ಸಣ್ಣಪುಟ್ಟ ಸ್ವಯಂ ಉದ್ಯೋಗವನ್ನು ಆಶ್ರಯಿಸಿದೆಯೆಂದು 2006ರಲ್ಲೇ ಸಾಚಾರ್ ಸಮಿತಿ ತೋರಿಸಿಕೊಟ್ಟಿತ್ತು. ಇದರಲ್ಲಿ ಎರಡು ಮಾತಿಲ್ಲ. ಆದರೆ ಬೇಡಿಕೆಯನ್ನು ಮುಂದಿಡುವ ಭರದಲ್ಲಿ ಕಸುಬನ್ನೇ ಅವಮಾನಿಸುವುದನ್ನು ನಾವು ಒಪ್ಪಲಾರೆವು. ಪ್ರವಾದಿವರ್ಯರು(ಸ) ತಮ್ಮ ಪಾದರಕ್ಷೆಯನ್ನು ತಾವೇ ಸರಿಪಡಿಸುತ್ತಿದ್ದರು, ಬಟ್ಟೆಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರು ಎಂದು ಹ. ಆಯಿಶಾ(ರ) ತಿಳಿಸಿದ್ದಾರೆ. ದುರಸ್ತಿಯ ಕೆಲಸಕ್ಕೆ ಇದಕ್ಕಿಂತ ದೊಡ್ಡ ಗೌರವ ಬೇಕೇ?

ಇಂದು ಜಗತ್ತಿಗೆ ಈ ಕಸುಬಿನ ಅಗತ್ಯ ಹಿಂದೆಂದಿಗಿಂತ ಹೆಚ್ಚಿದೆ. 2022ರಲ್ಲಿ ವಿಶ್ವದಾದ್ಯಂತ 6.2 ಕೋಟಿ ಟನ್ ಇಲೆಕ್ಟ್ರಾನಿಕ್ ತ್ಯಾಜ್ಯ ಉತ್ಪತ್ತಿಯಾಯಿತು. ಅದರಲ್ಲಿ ಸರಿಯಾಗಿ ಸಂಗ್ರಹವಾಗಿ ಮರುಬಳಕೆಯ ಹಾದಿ ಹಿಡಿದದ್ದು ಕಾಲು ಭಾಗಕ್ಕಿಂತಲೂ ಕಡಿಮೆ ಎಂದು ವಿಶ್ವಸಂಸ್ಥೆಯ ವರದಿ ಹೇಳುತ್ತದೆ. ಹೀಗಿರುವಾಗ ಸುಟ್ಟ ಮೋಟಾರನ್ನು ರಿವೈಂಡಿಂಗ್ ಮಾಡಿಕೊಡುವವನು, ಹಳೆಯ ಮಿಕ್ಸಿಗೆ ಜೀವ ತುಂಬುವವನು, ಗುಜರಿ ಅಂಗಡಿಯಲ್ಲಿ ಕಬ್ಬಿಣ, ತಾಮ್ರವನ್ನು ಬೇರ್ಪಡಿಸುವವನು ಪರಿಸರಕ್ಕೆ ಮಾಡುವ ಉಪಕಾರ, ಜೂನ್ 5ರಂದು ಗಿಡ ನೆಟ್ಟು ಫೋಟೊ ತೆಗೆಸಿಕೊಳ್ಳುವವರ ಉಪಕಾರಕ್ಕಿಂತ ಎಷ್ಟೋ ಪಾಲು ಮಿಗಿಲು.

ಆದರೆ ಘನತೆಯ ಜೊತೆಗೆ ಹೊಣೆಯೂ ಇದೆ. ಎಷ್ಟೋ ಗ್ಯಾರೇಜುಗಳಲ್ಲಿ ಹಳೆಯ ಎಂಜಿನ್ ಆಯಿಲ್ ಚರಂಡಿ ಸೇರುತ್ತದೆ ಅಥವಾ ಕೇಳಿದವರ ಪಾಲಾಗುತ್ತದೆ. ಬ್ಯಾಟರಿಯ ಆಮ್ಲವನ್ನು ಅಂಗಡಿಯ ಹಿಂದೆ ಸುರಿಯಲಾಗುತ್ತದೆ. ತಾಮ್ರಕ್ಕಾಗಿ ವಯರುಗಳನ್ನು ಸುಡಲಾಗುತ್ತದೆ. ಆ ಹೊಗೆಯನ್ನು ಮೊದಲು ಕುಡಿಯುವವನು ಅಂಗಡಿಯಲ್ಲಿ ಕೆಲಸ ಕಲಿಯುತ್ತಿರುವ ಹುಡುಗ. ಬ್ಯಾಟರಿಯ ಸೀಸ ಮಕ್ಕಳ ಮೆದುಳಿಗೇ ಹಾನಿ ಮಾಡುತ್ತದೆ. ಜನ ನಡೆಯುವ ದಾರಿ, ಕುಳಿತುಕೊಳ್ಳುವ ನೆರಳು ಮತ್ತು ನೀರಿನ ತಾಣಗಳನ್ನು ಮಲಿನಗೊಳಿಸುವುದನ್ನು ಪ್ರವಾದಿವರ್ಯರು(ಸ) ಕಠಿಣವಾಗಿ ವಿರೋಧಿಸಿದ್ದರು. ನೆರೆಮನೆಯ ಬಾವಿಗೆ ಇಳಿಯುವ ಎಣ್ಣೆಗೆ ಆ ನಿಯಮ ಅನ್ವಯಿಸದೇ?

ಇನ್ನೊಂದು ಹೊಣೆ ಗ್ರಾಹಕನ ಮನೋಭಾವಕ್ಕೆ ಸಂಬಂಧಿಸಿದ್ದು. ಜನರು ಹಳೆಯದನ್ನು ಎಸೆದು ಹೊಸದನ್ನು ಕೊಳ್ಳುವುದು ಕೇವಲ ಜಾಹೀರಾತಿನ ಮರುಳಿನಿಂದಲ್ಲ, ರಿಪೇರಿಯವನ ಮೇಲೆ ನಂಬಿಕೆ ಕಳೆದುಕೊಂಡಿರುವುದರಿಂದಲೂ ಹೌದು. ಚೆನ್ನಾಗಿರುವ ಭಾಗವನ್ನು ಕೆಟ್ಟಿದೆಯೆಂದು ಬದಲಿಸುವವನು, ನಾಳೆ ಬಾ ಎಂದು ತಿಂಗಳು ಸತಾಯಿಸುವವನು ಕಸದ ರಾಶಿಗೆ ತನ್ನ ಪಾಲನ್ನೂ ಸೇರಿಸುತ್ತಿದ್ದಾನೆ. ಬದಲಿಸಿದ ಬಿಡಿಭಾಗವನ್ನು ಗ್ರಾಹಕನಿಗೆ ತೋರಿಸಿ, ಅದು ಯಾಕೆ ಕೆಟ್ಟಿತೆಂದು ವಿವರಿಸಿ, ಮಾಡಿದ ಕೆಲಸಕ್ಕೆ ಮೂರು ತಿಂಗಳ ಖಾತರಿ ನೀಡುವವನು ಯಾವ ಭಾಷಣವನ್ನೂ ಮಾಡದೆ ಗ್ರಾಹಕನನ್ನು ಮಿತವ್ಯಯಕ್ಕೆ ಒಗ್ಗಿಸುತ್ತಾನೆ. ಹಳೆಯ ಬ್ಯಾಟರಿ ಮರಳಿಸಿದರೆ ಬೆಲೆಯಲ್ಲಿ ಇಷ್ಟು ಕಡಿತ ಎಂದು ಬರೆದ ಒಂದು ಫಲಕ ನೂರು ಕರಪತ್ರಗಳಿಗೆ ಸಮ. ವ್ಯಾಪಾರದ ಪ್ರಾಮಾಣಿಕತೆಯೇ ಇಲ್ಲಿ ಪರಿಸರ ಪ್ರೇಮವೂ ಆಗಿಬಿಡುತ್ತದೆ.

ಸರಕಾರವೂ ತನ್ನ ಪಾಲನ್ನು ಮರೆಯಬಾರದು. 2022ರ ಬ್ಯಾಟರಿ ತ್ಯಾಜ್ಯ ನಿಯಮ ಮತ್ತು 2023ರ ಎಪ್ರಿಲ್‌ನಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳು ಮುಖ್ಯ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆ. ಕೇಂದ್ರ ಸರಕಾರ 2022ರ ಡಿಸೆಂಬರ್‌ನಲ್ಲಿ ದುರಸ್ತಿ ಹಕ್ಕಿನ ಜಾಲತಾಣವನ್ನೂ ತೆರೆದಿದೆ. ಆದರೆ ಕಂಪೆನಿಗಳು ಬಿಡಿಭಾಗಗಳನ್ನೂ ಮಾಹಿತಿಯನ್ನೂ ಗಲ್ಲಿಯ ಮೆಕ್ಯಾನಿಕ್‌ಗೆ ತಲುಪಿಸದಿದ್ದರೆ ಈ ಹಕ್ಕು ಕಾಗದದಲ್ಲೇ ಉಳಿಯುತ್ತದೆ. ದಂಡದ ರಶೀದಿ ಹಿಡಿದು ಬರುವ ಅಧಿಕಾರಿ, ಸಂಗ್ರಹದ ವ್ಯವಸ್ಥೆಯನ್ನೂ ಜೊತೆಗೆ ತರಲಿ.

ಅದಕ್ಕಾಗಿ ಕಾಯುತ್ತಾ ಕೂರುವುದೂ ಬೇಡ. ಒಂದು ಗ್ಯಾರೇಜಿನ ಐದು ಲೀಟರ್ ಹಳೆಯ ತೈಲಕ್ಕಾಗಿ ಯಾರೂ ವಾಹನ ಕಳುಹಿಸಲಾರರು. ಹತ್ತು ಗ್ಯಾರೇಜುಗಳು ಸೇರಿ ಒಂದು ಡ್ರಮ್ ಇಟ್ಟರೆ ಪರವಾನಿಗೆ ಪಡೆದ ಮರುಸಂಸ್ಕರಣಾ ಘಟಕದೊಂದಿಗೆ ಮಾತುಕತೆ ಸಾಧ್ಯ. ಇದನ್ನು ಒಗ್ಗೂಡಿಸಲು ಜಮಾಅತ್ ಕಮಿಟಿಗಳಿಗಿಂತ ಸೂಕ್ತರಾದವರು ಯಾರಿದ್ದಾರೆ? ವುಝೂವಿನ ನೀರನ್ನೂ ವ್ಯರ್ಥ ಮಾಡಬಾರದೆಂದು ಬೋಧಿಸುವ ಖತೀಬರು ಒಂದು ಶುಕ್ರವಾರವನ್ನು ಈ ವಿಷಯಕ್ಕೆ ಮೀಸಲಿಡಲಿ.

ಪಂಕ್ಚರ್ ಹಾಕುವವರೆಂದು ಹೀಗಳೆಯುವವರಿಗೆ ಕೋಪದಿಂದ ಉತ್ತರಿಸಬೇಕಾದ ಅಗತ್ಯವಿಲ್ಲ. ನಮ್ಮ ಅಂಗಡಿಯ ಮುಂದಿನ ಚರಂಡಿ ಶುಚಿಯಾಗಿದ್ದು, ನಮ್ಮ ಮಾತು ನಂಬಿಕೆಗೆ ಅರ್ಹವಾಗಿದ್ದರೆ ಸಾಕು, ಉತ್ತರ ತಾನಾಗಿಯೇ ಸಿಗುತ್ತದೆ.