ಎಂ.ಬಿ.ಯಲ್ಲಿ ಯಾರ ಸಹಿ ಇದೆ?

ಅಂಧೇರಿಯ ಗೋಖಲೆ ಸೇತುವೆ 2025ರ ಮೇ 11ರಂದು ಪೂರ್ತಿಯಾಗಿ ಸಂಚಾರಕ್ಕೆ ತೆರೆದಾಗ ಒಂದು ಫೋಟೊ ತೆಗೆದು ತಿಪಟೂರಿನಲ್ಲಿರುವ ಅಪ್ಪನಿಗೆ ಕಳಿಸಿದೆ. ಸಂಜೆ ಫೋನ್ ಮಾಡಿದರು. "ಒಳ್ಳೇದಾತು ಬಿಡಪ್ಪ. ಹಳೇದು ಬಿತ್ತಲ್ಲ, ಅದು ಚೆನ್ನಾಗೈತೆ ಅಂತ ಸೈನ್ ಹಾಕಿದ್ದೋರು ಯಾರು ಅಂತ ಗೊತ್ತಾತಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಅಪ್ಪ ಲೋಕೋಪಯೋಗಿ ಇಲಾಖೆಯಲ್ಲಿ ವರ್ಕ್ ಇನ್‌ಸ್ಪೆಕ್ಟರ್ ಆಗಿದ್ದವರು. ಸೇತುವೆ ಎಂದರೆ ಅವರಿಗೆ ಮೊದಲು ನೆನಪಾಗುವುದು ಕಬ್ಬಿಣವಲ್ಲ, ಸಿಮೆಂಟಲ್ಲ, ಅಳತೆ ಪುಸ್ತಕ. ಇಲಾಖೆಯ ಭಾಷೆಯಲ್ಲಿ ಎಂ.ಬಿ. ಯಾವ ದಿನ, ಎಷ್ಟು ಕೆಲಸ ಆಯಿತು, ಅಳೆದವರು ಯಾರು, ಮೇಲೆ ಪರಿಶೀಲಿಸಿದವರು ಯಾರು, ಎಲ್ಲವೂ ಅದರಲ್ಲಿ ಸಹಿಯೊಂದಿಗೆ ಇರಬೇಕು. ಅದರಲ್ಲೂ ಸುಳ್ಳು ಬರೆಯುವವರಿದ್ದರು, ಅಪ್ಪನೇ ಅಂಥ ಕಥೆಗಳನ್ನು ಹೇಳುತ್ತಾರೆ. ಆದರೆ ಸುಳ್ಳಿಗೂ ಒಂದು ಹೆಸರು ಇರುತ್ತಿತ್ತು.

2018ರ ಜುಲೈ 3ರ ಬೆಳಗ್ಗೆ, ಮುಂಬೈ ಮಳೆಯಲ್ಲಿ, ಈ ಸೇತುವೆಯ ಪಕ್ಕಕ್ಕೆ ಚಾಚಿಕೊಂಡಿದ್ದ ಕಾಲುದಾರಿ ಕುಸಿದು ಪಶ್ಚಿಮ ರೈಲ್ವೆಯ ಹಳಿಗಳ ಮೇಲೆ ಬಿತ್ತು. ಚರ್ಚ್‌ಗೇಟ್ ಕಡೆಗೆ ಹೊರಟಿದ್ದ ಲೋಕಲ್‌ನ ಮೋಟರ್‌ಮ್ಯಾನ್ ತುರ್ತು ಬ್ರೇಕ್ ಹಾಕಿ ಗಾಡಿ ನಿಲ್ಲಿಸದಿದ್ದರೆ ಏನಾಗುತ್ತಿತ್ತೋ. ಗಾಯಗೊಂಡವರಲ್ಲಿ ಇಬ್ಬರು ಆಮೇಲೆ ತೀರಿಕೊಂಡರು. ಹಿಂದಿನ ಸಂಜೆ ನಾನೂ ಅದೇ ಕಾಲುದಾರಿಯಲ್ಲಿ ಆಫೀಸಿನಿಂದ ಮನೆಗೆ ನಡೆದು ಬಂದಿದ್ದೆ. ಆ ದಿನವೇ ವಾದ ಶುರುವಾಯಿತು. ಸೇತುವೆ ಪಾಲಿಕೆಯದು ಎಂದು ರೈಲ್ವೆ, ಹಳಿಯ ಮೇಲಿನ ಭಾಗದ ನಿರ್ವಹಣೆ ರೈಲ್ವೆಯದು, ಅದಕ್ಕೆ ನಾವು ದುಡ್ಡು ಕೊಡುತ್ತೇವೆ ಎಂದು ಪಾಲಿಕೆ. ರೈಲ್ವೆ ಸುರಕ್ಷತಾ ಆಯುಕ್ತರ ತನಿಖೆಯೂ ನಡೆಯಿತು. ಆದರೆ ಅಪ್ಪ ಕೇಳುವ ಆ ಒಂದು ಹೆಸರನ್ನು ನಾನು ವಿಚಾರಿಸಿದ ಯಾರೂ ಹೇಳಲಿಲ್ಲ.

ಎಂಟು ತಿಂಗಳ ನಂತರ, 2019ರ ಮಾರ್ಚ್ 14ರಂದು, ಸಿಎಸ್‌ಎಂಟಿ ನಿಲ್ದಾಣದ ಹಿಮಾಲಯ ಪಾದಚಾರಿ ಸೇತುವೆ ಬಿದ್ದು ಜನ ಸತ್ತರು. ಅದನ್ನು ಲೆಕ್ಕಪರಿಶೋಧನೆಯಂತೆಯೇ 'ಆಡಿಟ್' ಮಾಡಲಾಗಿತ್ತು. ಸಣ್ಣಪುಟ್ಟ ರಿಪೇರಿ ಸಾಕು ಎಂಬ ವರದಿ ಕೈಯಲ್ಲಿತ್ತು. ನಾನು ಬ್ಯಾಂಕೊಂದರ ಆಂತರಿಕ ಪರಿಶೋಧನೆಯಲ್ಲಿ ಇರುವವನು. ನಮ್ಮ ವರದಿಗಳಲ್ಲೂ 'ಸಂಬಂಧಪಟ್ಟ ವಿಭಾಗ ಸೂಕ್ತ ಕ್ರಮ ಕೈಗೊಳ್ಳುವುದು' ಎಂಬ ಸಾಲು ಎಷ್ಟು ಸಲ ಬಂದಿದೆಯೋ. ಬರೆಯುವಾಗ ಹಾಯಾಗಿರುತ್ತದೆ.

ಗೋಖಲೆ ಸೇತುವೆಯನ್ನು ಪೂರ್ತಿ ಮುಚ್ಚಿದ್ದು 2022ರ ನವೆಂಬರ್ 7ರಂದು, ಅಂದರೆ ಬಿದ್ದ ನಾಲ್ಕು ವರ್ಷಕ್ಕೆ. ಅಪ್ಪ ಆಗ ನಮ್ಮ ಜೊತೆಗಿದ್ದರು, ವಾರಕ್ಕೆ ಮೂರು ದಿನ ಡಯಾಲಿಸಿಸ್. ಮನೆ ಪಶ್ಚಿಮದಲ್ಲಿ, ಡಯಾಲಿಸಿಸ್ ಕೇಂದ್ರ ಪೂರ್ವದಲ್ಲಿ. ಇಪ್ಪತ್ತು ನಿಮಿಷದ ದಾರಿ ಒಂದು ಗಂಟೆಯಾಯಿತು. ಅಂಧೇರಿ ಸಬ್‌ವೇ ಮಳೆ ಬಂದರೆ ಕೆರೆ. ಪಾರ್ಲೆಯ ಕಡೆಯಿಂದ ಸುತ್ತಬೇಕು, ಇಲ್ಲವೇ ಜೋಗೇಶ್ವರಿಗೆ ಹೋಗಬೇಕು. ಪೂರ್ವ ಎಂದ ಕೂಡಲೇ ರಿಕ್ಷಾದವರು ತಲೆ ಅಲ್ಲಾಡಿಸಿ ಮುಂದೆ ಹೋಗುತ್ತಿದ್ದರು. ನಾಲ್ಕು ಗಂಟೆ ಯಂತ್ರಕ್ಕೆ ಕಟ್ಟಿಸಿಕೊಂಡು ಬಸವಳಿದ ಮನುಷ್ಯ ಮತ್ತೆ ಒಂದು ಗಂಟೆ ಹೊಗೆಯಲ್ಲಿ ಕೂರಬೇಕು. 2023ರ ಮಳೆಗಾಲ ಮುಗಿಯುವ ಮೊದಲೇ ಅಪ್ಪ, ಊರ ಕಡೆ ಡಯಾಲಿಸಿಸ್ ಸಿಗುತ್ತದೆ ಎಂದು ಹಟ ಹಿಡಿದು ಹೊರಟುಬಿಟ್ಟರು. ಮೊಮ್ಮಗಳು ಇಲ್ಲಿ, ಅವರು ಅಲ್ಲಿ.

2024ರ ಫೆಬ್ರುವರಿ 26ರಂದು ಒಂದು ಬದಿ ತೆರೆಯಿತು. ಆಗ ಊರೆಲ್ಲ ನಕ್ಕಿತು. ಹೊಸ ಸೇತುವೆ ಮೇಲೆ, ಅದಕ್ಕೆ ಕೂಡಬೇಕಾದ ಬರ್ಫಿವಾಲಾ ಮೇಲ್ಸೇತುವೆ ಕೆಳಗೆ, ನಡುವೆ ಸುಮಾರು ಆರು ಅಡಿ ಅಂತರ! ಹಳಿಯ ಮೇಲೆ ಹೆಚ್ಚು ಎತ್ತರ ಬಿಡಬೇಕು ಎಂಬ ರೈಲ್ವೆಯ ಹೊಸ ನಿಯಮದಂತೆ ಗೋಖಲೆಯನ್ನು ಎತ್ತರಿಸಿದ್ದರು. ನಿಯಮ ಸರಿ, ವಿನ್ಯಾಸ ಸರಿ, ಮಂಜೂರಾತಿ ಸರಿ. ಎರಡು ಸೇತುವೆ ಕೂಡುತ್ತವೆಯೇ ಎಂದು ನೋಡುವುದು ಮಾತ್ರ ಯಾರ ಕೆಲಸವೂ ಆಗಿರಲಿಲ್ಲ. ಕೊನೆಗೆ ವಿಜೆಟಿಐ ತಜ್ಞರ ಸಲಹೆ ಪಡೆದು, ಜ್ಯಾಕ್ ಕೊಟ್ಟು ಬರ್ಫಿವಾಲಾವನ್ನೇ ಎತ್ತಿ, ಜುಲೈನಲ್ಲಿ ಜೋಡಿಸಿದರು. ಎಂಜಿನಿಯರುಗಳ ಆ ಕೆಲಸ ನಿಜಕ್ಕೂ ಚೆನ್ನಾಗಿತ್ತು, ಅದನ್ನು ಹೇಳಲೇಬೇಕು. 2025-26ರಲ್ಲಿ 74,427 ಕೋಟಿ ರೂಪಾಯಿ ಬಜೆಟ್ ಮಂಡಿಸಿದ ಪಾಲಿಕೆ ಇದು. ಕೊರತೆ ಹಣದ್ದಲ್ಲ.

ಇದನ್ನೆಲ್ಲ ಲಂಡನ್ನಿನಲ್ಲಿರುವ ದಾವಣಗೆರೆಯ ಗೆಳೆಯನಿಗೆ ಹೇಳಿಕೊಂಡರೆ ಆತ ಸಮಾಧಾನ ಮಾಡುವ ಬದಲು ತನ್ನ ಸೇತುವೆಯ ಕಥೆ ತೆಗೆದ. ಥೇಮ್ಸ್ ಮೇಲಿನ ಹ್ಯಾಮರ್‌ಸ್ಮಿತ್ ಸೇತುವೆ. ಲಂಡನ್ನಿನ ಒಳಚರಂಡಿ ಕಟ್ಟಿಸಿದ ಬಝಲ್ಜೆಟ್ ವಿನ್ಯಾಸ ಮಾಡಿದ್ದು, 1887ರಲ್ಲಿ ತೆರೆದದ್ದು. ಬಿರುಕು ಕಂಡು 2019ರ ಏಪ್ರಿಲ್‌ನಲ್ಲಿ ವಾಹನಗಳಿಗೆ ಮುಚ್ಚಿದರು. 2020ರ ಆಗಸ್ಟ್‌ನಲ್ಲಿ ನಡೆಯುವವರಿಗೂ ಬಂದ್ ಆಗಿ, ಮರುವರ್ಷ ಅವರಿಗೆ ಮಾತ್ರ ತೆರೆಯಿತು. ಕಾರು, ಬಸ್ಸು ಇನ್ನೂ ಸುತ್ತಿಕೊಂಡೇ ಹೋಗುತ್ತಿವೆ. ಸೇತುವೆ ಸ್ಥಳೀಯ ಕೌನ್ಸಿಲ್‌ನ ಸ್ವತ್ತು, ಕೌನ್ಸಿಲ್‌ಗೆ ಅಷ್ಟು ದುಡ್ಡಿಲ್ಲ. ಲಂಡನ್ ಸಾರಿಗೆ ಸಂಸ್ಥೆ, ಕೇಂದ್ರ ಸರ್ಕಾರ, ಕೌನ್ಸಿಲ್ ಮೂವರೂ ಖರ್ಚಿನ ಪಾಲು ಎಷ್ಟು ಎಂದು ಚರ್ಚಿಸುತ್ತಲೇ ವರ್ಷಗಳು ಕಳೆದವು. "ಅಲ್ಲೋ, ಅರ್ಧ ಜಗತ್ತಿಗೆ ಸೇತುವೆ ಕಟ್ಟಿದ ದೇಶ ಮನೆ ಮುಂದಿನ ಒಂದು ಸೇತುವೆ ರಿಪೇರಿ ಮಾಡಕಾಗ್ದೆ ಕೂತೈತೆ" ಎಂದ. ನಮ್ಮ ಪಾಲಿಕೆ ನಡೆಯುವುದು ಅವರೇ 1888ರಲ್ಲಿ ಮಾಡಿಕೊಟ್ಟ ಕಾಯ್ದೆಯ ಮೇಲೆ. ಅಂಧೇರಿಯಲ್ಲಿ ರೈಲ್ವೆ–ಪಾಲಿಕೆ, ಅಲ್ಲಿ ಕೌನ್ಸಿಲ್–ಸರ್ಕಾರ. ಅಲ್ಲಿ ಯಾರೂ ಸಾಯಲಿಲ್ಲ, ಬಿರುಕು ಕಂಡಾಗಲೇ ಮುಚ್ಚಿದರು. ಆ ವ್ಯತ್ಯಾಸ ಚಿಕ್ಕದಲ್ಲ.

ಇನ್ನೊಂದು ವಿಷಯ ನಮ್ಮಲ್ಲಿ ಹೆಚ್ಚು ಚರ್ಚೆಯಾಗಿಲ್ಲ. ಮುಂಬೈ ಪಾಲಿಕೆಯ ಚುನಾಯಿತ ಸಭೆಯ ಅವಧಿ ಮುಗಿದದ್ದು 2022ರ ಮಾರ್ಚ್ 7ಕ್ಕೆ. ಮುಂದಿನ ಮತದಾನ 2026ರ ಜನವರಿಯಲ್ಲಿ. ಅಷ್ಟು ಕಾಲ 227 ವಾರ್ಡುಗಳಲ್ಲಿ ಒಬ್ಬ ನಗರಸೇವಕನೂ ಇರಲಿಲ್ಲ, ಸರ್ಕಾರ ನೇಮಿಸಿದ ಆಡಳಿತಾಧಿಕಾರಿಯದೇ ಕಾರುಬಾರು. ಸೇತುವೆ ಮುಚ್ಚಿದ್ದು, ಆರು ಅಡಿ ತಪ್ಪಿದ್ದು, ಮತ್ತೆ ತೆರೆದದ್ದು ಎಲ್ಲವೂ ಈ ಅವಧಿಯಲ್ಲೇ. ನಗರಸೇವಕರು ಇದ್ದಾಗಲೇ 2018ರಲ್ಲಿ ಸೇತುವೆ ಬಿದ್ದದ್ದು, ನಿಜ. ಅವರೇನು ದೇವರಲ್ಲ. ಆದರೆ ಬಾಗಿಲು ತಟ್ಟಲು ಒಂದು ಮನೆ ಇರುತ್ತಿತ್ತು. ಬೆಂಗಳೂರಿನವರು ಇದನ್ನು ಓದಿ ನಗಬೇಡಿ. ನಿಮ್ಮ ಪಾಲಿಕೆಯ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಐದು ವರ್ಷ ಕಳೆದಾಗ ಸಿಕ್ಕಿದ್ದು ಚುನಾವಣೆಯಲ್ಲ, ಒಂದರ ಜಾಗದಲ್ಲಿ ಐದು ಪಾಲಿಕೆ.

ಸ್ಟೇಷನ್ ಹತ್ತಿರ ಕಾರ್ಕಳ ಕಡೆಯ ಶೆಟ್ಟರೊಬ್ಬರ ಹೋಟೆಲಿದೆ. ಸೇತುವೆ ಮುಚ್ಚಿದ್ದಾಗ ಪಶ್ಚಿಮದ ಗಿರಾಕಿಗಳು ಕಡಿಮೆಯಾಗಿ ಮೂವರು ಹುಡುಗರನ್ನು ಊರಿಗೆ ಕಳಿಸಿದರು. "ಎಂತ ಮಾಡುದು ಮಾರಾಯ್ರೆ, ಬಯ್ಯುವಾ ಅಂದ್ರೂ ಯಾರಿಗೆ ಬಯ್ಯುದು?" ಎಂದು ಆಗ ಹೇಳಿದ್ದರು.

ನನ್ನ ಬೇಡಿಕೆ ದೊಡ್ಡದೇನಲ್ಲ. ಪ್ರತಿ ಸೇತುವೆಯ ಎರಡೂ ತುದಿಗೆ ಒಂದು ಫಲಕ ಬೇಕು. ಉದ್ಘಾಟಿಸಿದ ಸಚಿವರ ಹೆಸರಿನ ಕಲ್ಲು ಈಗಾಗಲೇ ಇರುತ್ತದೆ, ಅದರ ಪಕ್ಕದಲ್ಲೇ ಹಾಕಲಿ. ನಿರ್ವಹಣೆ ಯಾರದು, ಕೊನೆಯ ತಪಾಸಣೆ ಯಾವ ತಾರೀಕು, ಸಹಿ ಹಾಕಿದ ಎಂಜಿನಿಯರ್ ಯಾರು, ಮುಂದಿನ ತಪಾಸಣೆ ಯಾವಾಗ. ನಾಲ್ಕು ಸಾಲು. ಇದನ್ನೇ ಮರಾಠಿಯಲ್ಲಿ ಬರೆಸಿ ನಮ್ಮ ವಾರ್ಡಿನ ಹೊಸ ನಗರಸೇವಕರಿಗೆ ಕೊಡಬೇಕೆಂದಿದ್ದೇನೆ. ಮರಾಠಿ ತಿದ್ದಿಕೊಡಲು ಶೆಟ್ಟರ ಮಗಳು ಒಪ್ಪಿದ್ದಾಳೆ. ಅಪ್ಪ ಫೋನಿನಲ್ಲಿ ಐದನೆಯ ಸಾಲೊಂದನ್ನು ಸೇರಿಸಲು ಹೇಳಿದರು: ಎಂ.ಬಿ. ನಂಬರ್.