ಗುಣಾಕಾರ ಕೊಟ್ಟ ಚಿನ್ನ

ಬಾದಾಮಿಯ ಕೆಂಪು ಬಂಡೆಗಳನ್ನು ಹಗ್ಗ ಕಟ್ಟಿಕೊಂಡು ಏರುವ ಸಾಹಸಿಗಳು ನಮಗೆ ಅಪರಿಚಿತರಲ್ಲ. ಅದೇ ವಿದ್ಯೆ ಕೃತಕ ಗೋಡೆಯ ಮೇಲಿನ ಸ್ಪರ್ಧೆಯಾಗಿ, 2021ರಲ್ಲಿ ನಡೆದ ಟೋಕಿಯೊ ಕೂಟದಲ್ಲಿ ಮೊದಲ ಬಾರಿಗೆ ಒಲಿಂಪಿಕ್ಸ್ ಪ್ರವೇಶಿಸಿತು. ಅಂದಿನ ಪುರುಷರ ಫೈನಲ್‌ನ ಫಲಿತಾಂಶವನ್ನು ಇತ್ತೀಚೆಗೆ ನಾನು ಮತ್ತೊಮ್ಮೆ ಲೆಕ್ಕ ಹಾಕಿ ನೋಡಿದೆ. ಬೇರೆ ಬೇರೆ ಸ್ಪರ್ಧೆಗಳ ಸ್ಥಾನಗಳನ್ನು ಬೆರೆಸಿ ಒಬ್ಬರನ್ನು ‘ಒಟ್ಟಾರೆ ಶ್ರೇಷ್ಠ’ ಎಂದು ಘೋಷಿಸುವುದು ಎಂಥ ಸೂಕ್ಷ್ಮ ಕೆಲಸವೆಂಬುದು ಆಗ ಮನವರಿಕೆಯಾಯಿತು.

ಈ ಕ್ರೀಡೆಯಲ್ಲಿ ಮೂರು ವಿಭಾಗಗಳಿವೆ. ಸ್ಪೀಡ್‌ನಲ್ಲಿ 15 ಮೀಟರ್ ಗೋಡೆಯನ್ನು ಎಲ್ಲರಿಗಿಂತ ಬೇಗ ಏರಬೇಕು. ಬೌಲ್ಡರಿಂಗ್‌ನಲ್ಲಿ ಹಗ್ಗವಿಲ್ಲದೆ ಗಿಡ್ಡ ಗೋಡೆಗಳ ಒಗಟು ಬಿಡಿಸಬೇಕು. ಲೀಡ್‌ನಲ್ಲಿ ಹಗ್ಗ ಕಟ್ಟಿಕೊಂಡು ಆದಷ್ಟು ಎತ್ತರ ತಲುಪಬೇಕು. ಟೋಕಿಯೊದಲ್ಲಿ ಪುರುಷರಿಗೊಂದು, ಮಹಿಳೆಯರಿಗೊಂದು ಚಿನ್ನ ಮಾತ್ರ ಇದ್ದುದರಿಂದ ಮೂರನ್ನೂ ಒಟ್ಟುಗೂಡಿಸಲಾಯಿತು. ಮೂರು ಸ್ಥಾನಗಳನ್ನು ಗುಣಿಸಿದಾಗ ಯಾರ ಗುಣಲಬ್ಧ ಅತಿ ಕಡಿಮೆಯೋ ಅವರೇ ವಿಜೇತರು.

ಫೈನಲ್‌ನಲ್ಲಿ ಸೆಣಸಿದವರು ಏಳು ಮಂದಿ. ಸ್ಪೇನ್‌ನ ಆಲ್ಬೆರ್ಟೊ ಗಿನೆಸ್ ಲೋಪೆಸ್ ಕ್ರಮವಾಗಿ 1, 7, 4ನೇ ಸ್ಥಾನ ಪಡೆದರು. ಗುಣಲಬ್ಧ 28, ಬೌಲ್ಡರಿಂಗ್‌ನಲ್ಲಿ ಕೊನೆಯವರಾದರೂ ಚಿನ್ನ ಅವರದಾಯಿತು. ಆಸ್ಟ್ರಿಯಾದ ಯಾಕೋಬ್ ಶುಬರ್ಟ್ 7, 5, 1ನೇ ಸ್ಥಾನಗಳೊಂದಿಗೆ (35) ಕಂಚು ಗೆದ್ದರು. ಜಪಾನಿನ ತೊಮೊವಾ ನರಾಸಾಕಿ 2, 3, 6ನೇ ಸ್ಥಾನಗಳೊಂದಿಗೆ (36) ಪದಕ ತಪ್ಪಿಸಿಕೊಂಡರು. ಈಗ ಗುಣಾಕಾರದ ಬದಲು ಸಂಕಲನ ಮಾಡಿ ನೋಡಿ. 11 ಬರುವ ನರಾಸಾಕಿ ಮೊದಲಿಗರು, 13 ಬರುವ ಶುಬರ್ಟ್ ಏಳನೆಯವರು. ಚಿನ್ನ, ಬೆಳ್ಳಿ ಗೆದ್ದವರೂ ಸೇರಿದಂತೆ ಉಳಿದ ಐವರದೂ ತಲಾ 12! ಪದಕಗಳನ್ನು ಹಂಚಿದ್ದು ಗೋಡೆಯೋ, ಗಣಿತದ ಚಿಹ್ನೆಯೋ?

ಗುಣಾಕಾರ ಒಂದು ವಿಭಾಗದ ಪರಿಣತಿಗೆ ಮಣೆ ಹಾಕುತ್ತದೆ, ಸಂಕಲನ ಸಮತೋಲನಕ್ಕೆ. ಎರಡಕ್ಕೂ ಸಮರ್ಥನೆಯಿದೆ. ಆದರೆ ಸ್ಥಾನಗಳನ್ನೇ ಲೆಕ್ಕದ ಮೂಲವಾಗಿಸಿದಾಗ ಇನ್ನೂ ಗಂಭೀರವಾದ ದೋಷವೊಂದು ತಲೆದೋರುತ್ತದೆ. ಜೆಕ್ ಗಣರಾಜ್ಯದ ಆಡಂ ಒಂದ್ರಾ 4, 6, 2ನೇ ಸ್ಥಾನ ಗಳಿಸಿ, 48 ಅಂಕಗಳೊಂದಿಗೆ ಆರನೆಯವರಾದರು. ಲೀಡ್‌ನಲ್ಲಿ ಅವರನ್ನು ಮೀರಿಸಿದವರು ಶುಬರ್ಟ್ ಒಬ್ಬರೇ. ಶುಬರ್ಟ್ ಅಲ್ಲಿ ಎರಡನೆಯವರಾಗಿ ಉಳಿದಿದ್ದರೆ ಒಂದ್ರಾ ಅವರ ಗುಣಲಬ್ಧ 24ಕ್ಕೆ ಇಳಿದು ಚಿನ್ನ ಅವರ ಕೊರಳಿಗೆ ಬೀಳುತ್ತಿತ್ತು. ಅವರು ಏರಿದ ಎತ್ತರದಲ್ಲಿ ಒಂದು ಅಂಗುಲದ ವ್ಯತ್ಯಾಸವೂ ಬೇಕಿರಲಿಲ್ಲ. ಇದನ್ನು ನ್ಯಾಯವೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಇದಕ್ಕೆ ಬೇರೆ ದಾರಿಯಿಲ್ಲವೆ? ಹೆಪ್ಟಥ್ಲಾನ್ ನೋಡಿ. ಅಲ್ಲಿ ಏಳು ಸ್ಪರ್ಧೆಗಳ ಸಮಯ, ಎತ್ತರ, ದೂರಗಳಿಗೆ ಪೂರ್ವನಿಗದಿತ ಕೋಷ್ಟಕದಂತೆ ಅಂಕಗಳಿವೆ. 2010ರ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಕಂಚು ಗೆದ್ದ ನಮ್ಮ ಕೊಡಗಿನ ಪ್ರಮೀಳಾ ಅಯ್ಯಪ್ಪ, 2018ರ ಜಕಾರ್ತ ಕೂಟದಲ್ಲಿ 6026 ಅಂಕಗಳಿಂದ ಚಿನ್ನ ಗೆದ್ದ ಸ್ವಪ್ನಾ ಬರ್ಮನ್ ಗಳಿಸಿದ ಅಂಕಗಳೆಲ್ಲ ಅವರವರ ಸಾಧನೆಯ ಫಲ. ಕೋಷ್ಟಕವೂ ಮನುಷ್ಯರೇ ರೂಪಿಸಿದ್ದು, ನಿಜ. ಆದರೆ ಮತ್ತೊಬ್ಬರ ಏಳುಬೀಳು ನಮ್ಮ ಅಂಕವನ್ನು ಬದಲಿಸಲಾರದು.

ಒಲಿಂಪಿಕ್ಸ್ ಕೂಡ ಪಾಠ ಕಲಿತಿತು. 2024ರ ಪ್ಯಾರಿಸ್‌ನಲ್ಲಿ ಸ್ಪೀಡ್ ಬೇರೆಯಾಯಿತು. ಉಳಿದೆರಡಕ್ಕೆ ತಲಾ 100 ಅಂಕಗಳ ಪದ್ಧತಿ ಬಂತು. 2028ರ ಲಾಸ್ ಏಂಜಲೀಸ್ ಕೂಟಕ್ಕೆ ಮೂರಕ್ಕೂ ಪ್ರತ್ಯೇಕ ಪದಕಗಳು ನಿಗದಿಯಾಗಿವೆ.

ಇದು ಕ್ರೀಡಾಂಗಣಕ್ಕೆ ಸೀಮಿತವಾದ ವಿಷಯವಲ್ಲ. ಪಿಯುಸಿ ಮತ್ತು ಸಿಇಟಿ ಅಂಕಗಳನ್ನು ಅರ್ಧರ್ಧ ಬೆರೆಸಿ ಎಂಜಿನಿಯರಿಂಗ್ ರ‍್ಯಾಂಕ್ ನೀಡುವ ಪದ್ಧತಿಯನ್ನು ಕಂಡವರು ನಾವು. ಶಾಲಾ ಕ್ರೀಡಾಕೂಟದ ಸಮಗ್ರ ಪ್ರಶಸ್ತಿಯಲ್ಲೂ ಇಂಥದೇ ಲೆಕ್ಕವಿರುತ್ತದೆ. ಬೆರೆಸುವ ಮುನ್ನ ಇವು ಬೆರೆಸತಕ್ಕವೇ ಎಂದು ಕೇಳಬೇಕು. ಬೆರೆಸಲೇಬೇಕಾದರೆ ಸ್ಥಾನವನ್ನಲ್ಲ, ಸಾಧನೆಯನ್ನು ಅಳೆಯಬೇಕು. ಏನನ್ನು ಪುರಸ್ಕರಿಸುತ್ತಿದ್ದೇವೆ ಎಂಬುದನ್ನೂ ಮೊದಲೇ ಸ್ಪಷ್ಟವಾಗಿ ಹೇಳಬೇಕು. ಸೂತ್ರ ಆಯ್ದವರು ಫಲಿತಾಂಶದ ಹೊಣೆಯನ್ನು ಗಣಿತದ ಮೇಲೆ ಹೊರಿಸಿ ಕೈತೊಳೆದುಕೊಳ್ಳುವಂತಿಲ್ಲ.